ಓದಿ ಹೇಳಿದ ಮೇಲೆ ಅಚ್ಚು: ಬಾಗಲಕೋಟೆ ಜಿಲ್ಲೆಯ ಒಂದು ಕಾನ್ವೆಂಟಿನ ಪ್ರಕರಣ ಅಧ್ಯಯನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಒಂದು ಊರಿನಲ್ಲಿರುವ ಕಥೋಲಿಕ ಧರ್ಮಭಗಿನಿಯರ ಮನೆಯೊಂದರ ಪ್ರಕರಣವಿದು. ಸಭೆಯ, ಅಂದರೆ ಈ ಭಗಿನಿಯರು ಸೇರಿದ ಧಾರ್ಮಿಕ ಸಂಸ್ಥೆಯ, ಹೆಸರು, ಊರು, ವ್ಯಕ್ತಿಗಳ ಹೆಸರು ಇಲ್ಲಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ. ತಮ್ಮ ಕೆಲಸದ ಬಗ್ಗೆ ಬರೆಯುವ, ಚಿತ್ರ ತೆಗೆಯುವ, ವರದಿ ಕಳಿಸುವ ಬೇರೆ ಮನೆಗಳಿಗೆ ಉಪಯೋಗವಾಗಲೆಂದು ಎಲ್ಲಿ ಯಾವ ತೀರ್ಮಾನವಾಯಿತು, ಏಕಾಯಿತು ಎಂಬುದನ್ನೇ ಹೆಚ್ಚಾಗಿ ಬರೆದಿದ್ದೇವೆ.

ಮನೆ ಮತ್ತು ಅದರ ಕಾಗದಗಳು

ಮನೆಯಲ್ಲಿ ಏಳು ಜನ ಸಿಸ್ಟರ್‌ಗಳು. ನಾಲ್ವರ ಮನೆಮಾತು ಮಲಯಾಳಂ, ಇಬ್ಬರದು ಕೊಂಕಣಿ, ಕನ್ನಡದವರು ಒಬ್ಬರೇ. ಒಂದು ದವಾಖಾನೆ, ಒಂದು ಶಾಲೆ, ಸುತ್ತಲಿನ ಹಳ್ಳಿಗಳಲ್ಲಿ ಮಹಿಳಾ ಸಂಘಗಳು, ಜೊತೆಗೆ ಮಾಜಿ ದೇವದಾಸಿ ಮಹಿಳೆಯರು ಮತ್ತು ಅವರ ಮಕ್ಕಳ ನಡುವಿನ ಕೆಲಸ. ಊರವರ ಬಾಯಲ್ಲಿ ಸಭೆಯ ಹೆಸರೇ ಇಲ್ಲ. ‘ಸಿಸ್ಟರ್ ದವಾಖಾನಿ’, ‘ಸಿಸ್ಟರ್ ಸಾಲಿ’ ಅಂದರೆ ಮುಗಿಯಿತು. ಬೆಳಗಾವಿ ಧರ್ಮಕ್ಷೇತ್ರ (ಒಬ್ಬ ಬಿಷಪ್‌ರ ಆಡಳಿತದ ಪ್ರದೇಶ) 1953ರಲ್ಲೇ ಸ್ಥಾಪನೆಯಾದರೂ ಈ ಭಾಗದಲ್ಲಿ ಕ್ರೈಸ್ತ ಮನೆಗಳು ತೀರ ಕಡಿಮೆ. ದವಾಖಾನೆಯ ಸಾಲಿನಲ್ಲಿ ಕೂರುವವರು, ಶಾಲೆಯಲ್ಲಿ ಓದುವವರು ಬಹುಪಾಲು ಹಿಂದೂಗಳು, ಮುಸ್ಲಿಮರು. ಹೀಗಾಗಿ ಸಿಸ್ಟರ್‌ಗಳು ತಮ್ಮ ಕೆಲಸದ ಬಗ್ಗೆ ಒಂದು ಪುಟ ಬರೆದರೂ ಅದರಲ್ಲಿ ಮುಕ್ಕಾಲು ಪಾಲು ಇನ್ನೊಬ್ಬರ ಮನೆಯ ವಿಷಯವೇ ಇರುತ್ತದೆ.

ಬರವಣಿಗೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ದಾನಿ ಸಂಸ್ಥೆಗಳಿಗೆ ವರ್ಷಕ್ಕೊಂದು ಇಂಗ್ಲಿಷ್ ವರದಿ. ಪ್ರಾಂತ್ಯದ, ಅಂದರೆ ಸಭೆಯ ಹಲವು ಮನೆಗಳು ಸೇರಿದ ಆಡಳಿತ ವಿಭಾಗದ, ಸುದ್ದಿಪತ್ರಕ್ಕೆ ಮೂರು ತಿಂಗಳಿಗೊಂದು ಟಿಪ್ಪಣಿ. ಪ್ರತಿ ಕಾನ್ವೆಂಟಿನಲ್ಲೂ ಇರುವ ಕ್ರಾನಿಕಲ್, ಅಂದರೆ ಮನೆಯ ದಿನಚರಿ ಪುಸ್ತಕ, ಇಲ್ಲೂ ಸಂಪುಟಗಟ್ಟಲೆ ಇತ್ತು. ಆದರೆ ಅದರಲ್ಲಿ ಬಿಷಪ್ ಬಂದ ದಿನಕ್ಕೆ ಮೂರು ಪುಟ. ಆಲಮಟ್ಟಿ ಹಿನ್ನೀರಿಗೆ ಹಳ್ಳಿಗಳು ಮುಳುಗಡೆಯಾಗಿ ಜನ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಹೋದದ್ದಕ್ಕೆ ಎರಡು ಸಾಲು. 2019ರ ಆಗಸ್ಟಿನ ನೆರೆಯಲ್ಲಿ ಶಾಲೆಯ ಕೋಣೆಗಳಲ್ಲಿ ಯಾರು ಯಾರು ಉಳಿದಿದ್ದರೆಂಬ ಒಂದು ಹೆಸರೂ ಇಲ್ಲ. ಎಷ್ಟು ಚೀಲ ಅಕ್ಕಿ ಬಂತೆಂಬ ಲೆಕ್ಕ ಮಾತ್ರ ಇದೆ. ಇಷ್ಟೂ ಬರವಣಿಗೆಯಲ್ಲಿ ಕನ್ನಡದಲ್ಲಿದ್ದದ್ದು ಒಂದೂ ಇಲ್ಲ. ಯಾರ ನಡುವೆ ಬದುಕುತ್ತಿದ್ದರೋ ಆ ಜನರು ಓದಬಹುದಾದ ಒಂದು ಹಾಳೆಯೂ ಆ ಮನೆಯಿಂದ ಹೊರಬಿದ್ದಿರಲಿಲ್ಲ.

ಗೇಟಿನ ಹತ್ತಿರ ಬಂದ ತಾಯಿ

ಒಂದು ವರ್ಷದ ವರದಿಯಲ್ಲಿ ಒಬ್ಬ ತಾಯಿ ಮತ್ತು ಪಿಯುಸಿ ಓದುತ್ತಿದ್ದ ಮಗಳ ಚಿತ್ರ ಅಚ್ಚಾಯಿತು. ಹೆಸರು ಬದಲಿಸಿದ್ದರು, ಮುಖ, ಊರು ಮತ್ತು ‘ದೇವದಾಸಿಯ ಮಗಳು’ ಎಂಬ ವಿವರ ಹಾಗೇ ಇದ್ದವು. ದಾನಿ ಸಂಸ್ಥೆ ಆ ವರದಿಯನ್ನು ತನ್ನ ಜಾಲತಾಣಕ್ಕೆ ಏರಿಸಿತು. ಗೋವಾದಲ್ಲಿ ದುಡಿಯುತ್ತಿದ್ದ ಊರಿನ ಹುಡುಗನೊಬ್ಬನ ಮೊಬೈಲಿಗೆ ಅದು ಹೇಗೋ ಸಿಕ್ಕಿತು. ಅಲ್ಲಿಂದ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಆ ಹೊತ್ತಿಗೆ ಹುಡುಗಿಗೆ ಸಂಬಂಧ ನೋಡುತ್ತಿದ್ದರು.

ತಾಯಿ ಕಾನ್ವೆಂಟಿಗೆ ಬಂದು ಕೂಗಾಡಲಿಲ್ಲ. ಮೊಬೈಲಿನಲ್ಲಿದ್ದ ಪುಟವನ್ನು ತೋರಿಸಿ, ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳಿರೆಂದು ಕೇಳಿದಳು. ಕನ್ನಡದ ಸಿಸ್ಟರ್ ಸಾಲು ಸಾಲಾಗಿ ಹೇಳಿದರು. ಕೇಳಿದ ಮೇಲೆ ಆಕೆ ಅಂದದ್ದು:

“ಬರೇ ಅಳೂದನ್ನ ಬರದೀರಿ ಸಿಸ್ಟರ್ರೀ. ನಿಮ್ಮ ಹತ್ರ ಬರೂಕಿಂತ ಮೊದಲ ಎರಡ ಎಮ್ಮಿ ಕಟ್ಟಿದ್ದೆ, ಡೇರಿಗೆ ಹಾಲ ಹಾಕತಿದ್ದೆ. ಅದನ್ಯಾಕ ಬರದಿಲ್ಲರಿ? ಮಗಳ ಸಾಲಿ ಫೀ ಕಟ್ಟಿದ್ದು ಆ ಎಮ್ಮಿರೀ, ನೀವಲ್ಲ.”

ಎರಡು ತಪ್ಪುಗಳು ಒಟ್ಟಿಗೇ ಹೊರಬಿದ್ದವು. ಗುರುತು ಬಯಲಾದದ್ದು ಕಣ್ಣಿಗೆ ಕಾಣುವ ತಪ್ಪು. ಕಥೆಯೇ ಸುಳ್ಳಾಗಿದ್ದದ್ದು ಎರಡನೆಯದು. ವರದಿಯ ಪ್ರಕಾರ ಆಕೆಯ ಬದುಕು ಸಿಸ್ಟರ್‌ಗಳು ಬಾಗಿಲು ತಟ್ಟಿದ ದಿನದಿಂದ ಶುರುವಾಗುತ್ತದೆ. ದಾನಿಗಳ ನಮೂನೆಯಲ್ಲಿ ‘ಮೊದಲು’, ‘ನಂತರ’ ಎಂಬ ಎರಡು ಕಲಮುಗಳಿರುತ್ತವೆ. ‘ಮೊದಲು’ ಎಷ್ಟು ಕತ್ತಲಾಗಿದ್ದರೆ ‘ನಂತರ’ ಅಷ್ಟು ಬೆಳಗುತ್ತದೆ. ಅದನ್ನು ತುಂಬಿದವರು ಸುಳ್ಳು ಹೇಳಬೇಕೆಂದು ಕೂತಿರಲಿಲ್ಲ, ನಮೂನೆ ಕೇಳಿದ್ದನ್ನು ತುಂಬಿದ್ದರು.

ಆ ವಾರ ಮಾಡಿದ ಕೆಲಸ ಇಷ್ಟು: ದಾನಿ ಸಂಸ್ಥೆಗೆ ಬರೆದು ಕಡತವನ್ನು ತೆಗೆಸಿ, ಆ ಪುಟವಿಲ್ಲದ ಹೊಸ ಕಡತ ಹಾಕಿಸಿದರು. ಮೂಲ ಪುಟ ಹೋದ ಮೇಲೂ ಹುಡುಕಾಟದ ಫಲಿತಾಂಶದಲ್ಲಿ ಹಳೆಯ ತುಣುಕು ಕೆಲ ಕಾಲ ಉಳಿಯುತ್ತದೆ, ಅದನ್ನು ತೆಗೆಯಲು ಗೂಗಲ್‌ಗೆ ಬೇರೆಯೇ ಕೋರಿಕೆ ಹಾಕಬೇಕು, ಅದನ್ನೂ ಹಾಕಿದರು. ವಾಟ್ಸಾಪಿನಲ್ಲಿ ಹರಿದಾಡಿದ್ದನ್ನು ಹಿಂದಕ್ಕೆ ತರುವ ದಾರಿ ಇರಲಿಲ್ಲ. ಹಂಚಿದವರ ಮೇಲೆ ದೂರು ಕೊಡೋಣವೆಂದು ಒಬ್ಬ ಸಿಸ್ಟರ್ ಹೇಳಿದಾಗ ತಾಯಿ ಬೇಡವೆಂದಳು; ಮಾತು ಇನ್ನೂ ದೊಡ್ಡದಾಗುತ್ತದೆ ಎಂಬುದು ಅವಳ ಲೆಕ್ಕ. ಅವಳ ಮಾತನ್ನೇ ನಡೆಸಿದರು. ಅದು ಸರಿಯಾದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ವಿಚಾರಣೆ, ತನಿಖೆ ಅಥವಾ ನ್ಯಾಯಾಂಗ ಪ್ರಕ್ರಿಯೆಯ ವರದಿಯಲ್ಲಿ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಸಿಗುವ ಬೇರಾವುದೇ ವಿವರವನ್ನು ಯಾವ ಮಾಧ್ಯಮದಲ್ಲೂ ಪ್ರಕಟಿಸುವಂತಿಲ್ಲ; ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ. ಪದ್ಧತಿ ನಿಂತ ಕಡೆಯಲ್ಲೂ ಆ ಹಣೆಪಟ್ಟಿ ಮಕ್ಕಳ ಬೆನ್ನು ಬಿಟ್ಟಿಲ್ಲ. ಅದನ್ನು ಮತ್ತೆ ಅಂಟಿಸುವ ಕೆಲಸವನ್ನು ಅವರ ಪರವಾಗಿ ದುಡಿಯುವವರೇ ಮಾಡಿದಂತಾಗಿತ್ತು.

ಮೂರು ಅಡ್ಡದಾರಿಗಳು

ತಮ್ಮ ಕೆಲಸವನ್ನು ಹೇಳಲು ಬೇರೆ ದಾರಿ ಹುಡುಕಿದಾಗ ಮೊದಲ ಪ್ರಯತ್ನ ಸಿನಿಮಾ. ಬೆಂಗಳೂರಿನ ಒಂದು ಕಂಪನಿಗೆ ಆರು ನಿಮಿಷದ ಚಿತ್ರ ಮಾಡಲು ಕೊಟ್ಟರು. ಕಬ್ಬಿನ ಗದ್ದೆಯ ಮೇಲೆ ಡ್ರೋನ್ ಹಾರಿತು, ಹಿನ್ನೆಲೆಗೆ ಕೊಳಲು ಬಂತು, ನಿರೂಪಣೆ ಈ ಕಡೆಯವರು ಯಾರೂ ಆಡದ ಕನ್ನಡದಲ್ಲಿ ಬಂತು. ಮನೆ ಮುಂದೆ ನಲ್ಲಿಯಿದ್ದ ಹೆಣ್ಣುಮಗಳಿಂದ ಕೊಡ ಹೊತ್ತು ಎರಡು ಸಲ ನಡೆಸಿದರು. ಸಂಘದ ಸಭೆಯಲ್ಲಿ ಅದನ್ನು ತೋರಿಸಿದಾಗ ಕೊಡದ ದೃಶ್ಯಕ್ಕೆ ಬಿದ್ದೂ ಬಿದ್ದೂ ನಕ್ಕರು. ಖರ್ಚಿನ ತೊಡಕು ಆಮೇಲೆ ಗೊತ್ತಾಯಿತು. ವಿದೇಶಿ ವಂತಿಗೆ ನಿಯಮಗಳಲ್ಲಿ ವರದಿ ಬರೆದು ಸಲ್ಲಿಸುವ ವೆಚ್ಚ ಆಡಳಿತ ವೆಚ್ಚಕ್ಕೆ ಸೇರುತ್ತದೆ. 2020ರ ತಿದ್ದುಪಡಿ ವಂತಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲಿನ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿದೆ. ದಾನಿಗೆ ತೋರಿಸಲೆಂದು ಮಾಡುವ ಸಿನಿಮಾವನ್ನು ಯಾವ ತಲೆಬರಹದಲ್ಲಿ ತೋರಿಸಬೇಕೆಂದು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕಿತ್ತು.

ಎರಡನೆಯದು ಸಾಮಾಜಿಕ ಜಾಲತಾಣ. ಚಿಕ್ಕ ವಯಸ್ಸಿನ ಒಬ್ಬ ಸಿಸ್ಟರಿಗೆ ದಿನಕ್ಕೊಂದು ಪೋಸ್ಟ್ ಹಾಕುವ ಹೊಣೆ ಬಿತ್ತು. ದಿನಾ ಹೊಸ ವಿಷಯ ಎಲ್ಲಿಂದ ತರುವುದು? ಮಕ್ಕಳ ಚಿತ್ರದ ಮೇಲೆ ಬೈಬಲ್ ವಚನ ಕೂರಿಸಿ ಹಾಕತೊಡಗಿದರು. ನೋಡುತ್ತಿದ್ದವರು ಬೇರೆ ಕಾನ್ವೆಂಟಿನ ಸಿಸ್ಟರ್‌ಗಳು ಮತ್ತು ಕೇರಳದ ಬಂಧುಗಳು. ಅಷ್ಟರಲ್ಲಿ 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ನಿಯಂತ್ರಣ ವಿಧೇಯಕವನ್ನು ಅಂಗೀಕರಿಸಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಅದು ಆಮಿಷದ ವ್ಯಾಖ್ಯೆಯಲ್ಲಿ ಸೇರಿಸಿತ್ತು. ಒಬ್ಬ ಪಾಲಕರು ತಮ್ಮ ಮಗನ ಮುಖದ ಮೇಲೆ ವಚನವಿದ್ದ ಪೋಸ್ಟನ್ನು ತೋರಿಸಿ, “ಇದೇನ್ರೀ ಸಿಸ್ಟರ್, ನಮ್ಮ ಹುಡುಗನ್ನ ಯಾಕ್ ಹಾಕೀರಿ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆ ಕಾಯ್ದೆ ಇರಲಿ ಬಿಡಲಿ, ಬೇರೆ ಧರ್ಮದ ಮನೆಯ ಮಗುವಿನ ಮುಖದ ಮೇಲೆ ತಮ್ಮ ಧರ್ಮದ ವಾಕ್ಯ ಬರೆಯುವ ಅಧಿಕಾರ ಯಾರಿಗೂ ಇರಲಿಲ್ಲ.

ಮೂರನೆಯದು ಮೌನ. ಸುಪೀರಿಯರ್, ಅಂದರೆ ಮನೆಯ ಮುಖ್ಯಸ್ಥೆ, ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಮನೆಯ ಹಿರಿಯರಿಗೆ ಅದು ಸಮಾಧಾನದ ಸಂಗತಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ, ಬೈಬಲಿನ ಮತ್ತಾಯನ ಆರನೇ ಅಧ್ಯಾಯ ಅವರ ಬಾಯಲ್ಲಿ ಯಾವಾಗಲೂ ಇತ್ತು. ಕಿರಿಯರು ಅದೇ ಮತ್ತಾಯನ ಐದನೇ ಅಧ್ಯಾಯ ತೆಗೆದು, ದೀಪ ಹಚ್ಚಿ ಕೊಳಗದ ಕೆಳಗಿಡುವುದಿಲ್ಲ ಎನ್ನುತ್ತಿದ್ದರು. ಈ ವಾದ ಇಂಥ ಪ್ರತಿ ಮನೆಯಲ್ಲೂ ನಡೆಯುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಇತ್ತ ಸಿಸ್ಟರ್‌ಗಳು ಸುಮ್ಮನಿದ್ದ ತಿಂಗಳುಗಳಲ್ಲಿ ಊರು ಸುಮ್ಮನಿರಲಿಲ್ಲ. ದವಾಖಾನೆಗೆ ಹಣ ಎಲ್ಲಿಂದ ಬರುತ್ತದೆ, ಹುಡುಗಿಯರನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದಕ್ಕೆ ಊರೇ ತನಗೆ ತೋಚಿದ ಉತ್ತರ ಕೊಟ್ಟುಕೊಳ್ಳುತ್ತಿತ್ತು.

ತಿರುವು

ಮನೆಯ ಸುವರ್ಣ ಮಹೋತ್ಸವ ಹತ್ತಿರ ಬಂತು. ಸ್ಮರಣ ಸಂಚಿಕೆ ಬೇಕೆಂದು ಪ್ರಾಂತ್ಯದಿಂದ ಸೂಚನೆ ಬಂತು. ಮೊದಲ ಸಭೆಯಲ್ಲೇ ಕನ್ನಡದ ಸಿಸ್ಟರ್, ‘ಆ ತಾಯಿಯ ಕಥೆಯನ್ನು ಅವಳು ಹೇಳಿದಂತೆ ಬರೆದು, ಅವಳಿಗೇ ಓದಿ ಹೇಳೋಣ. ಅವಳು ಸರಿ ಅಂದರೆ ಮುಂದಿನದು’ ಎಂದರು. ಕಥೆ ಅಚ್ಚಿಗೆ ಹೋಗಬೇಕೆಂಬ ಮಾತೇ ಆಗ ಇರಲಿಲ್ಲ. ಆಗಬೇಕಿದ್ದ ತಿದ್ದುಪಡಿ ಅದು, ಅಷ್ಟೇ.

ಹಾಗೆಯೇ ಮಾಡಿದರು. ಓದುವುದನ್ನು ಕೇಳುತ್ತ ಆಕೆ ಮೂರು ಕಡೆ ತಡೆದಳು. ಒಂದು ಕಡೆ ಅಣ್ಣನ ವಿಷಯ ತೆಗೆಯಿರಿ ಎಂದಳು. ಇನ್ನೊಂದು ಕಡೆ ಹಾಲಿನ ಡೇರಿಯ ಕಾರ್ಯದರ್ಶಿ ಮೊದಮೊದಲು ತನ್ನ ಹಾಲು ತಗೊಳ್ಳಲು ಒಪ್ಪಿರಲಿಲ್ಲವೆಂಬುದನ್ನು ಸೇರಿಸಿದಳು. ಆ ಸಂಗತಿ ಸಿಸ್ಟರ್‌ಗಳಿಗೆ ಗೊತ್ತೇ ಇರಲಿಲ್ಲ. ಮೂರನೆಯ ಕಡೆ ಸಿಸ್ಟರ್‌ಗಳನ್ನು ಹೊಗಳಿದ್ದು ಜಾಸ್ತಿಯಾಯಿತು ಎಂದಳು. ಈ ಓದಿ ಹೇಳುವ ಹಂತವೇ ಮುಂದೆ ಇಡೀ ಕೆಲಸಕ್ಕೆ ಆಧಾರವಾಯಿತು. ಸಂಚಿಕೆಯ ಯೋಜನೆಯೂ ಬದಲಾಯಿತು: ಗಣ್ಯರ ಶುಭಾಶಯ ಪತ್ರಗಳ ದಪ್ಪ ಪುಸ್ತಕ ಬೇಡ, ಜನರ ಕಥೆ ಮತ್ತು ಹಿರಿಯ ಸಿಸ್ಟರ್‌ಗಳ ಕಥೆ ಎರಡೂ ಕನ್ನಡದಲ್ಲಿ ಬರಲಿ ಎಂದಾಯಿತು. ಪೋಪ್ ಫ್ರಾನ್ಸಿಸರ 2020ರ ವಿಶ್ವ ಸಂಪರ್ಕ ದಿನದ ಸಂದೇಶ ಇಡಿಯಾಗಿ ಕಥೆ ಹೇಳುವುದರ ಮೇಲೆಯೇ ಇತ್ತು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಬೇಕೆಂಬ, ಬೈಬಲಿನ ವಿಮೋಚನಾಕಾಂಡದ ಹತ್ತನೇ ಅಧ್ಯಾಯದ ಮಾತು ಅದರ ತಲೆಬರಹ. ಹಿರಿಯರನ್ನು ಒಪ್ಪಿಸಲು ಅದು ಒದಗಿ ಬಂತು.

ಮಾಡಿದ ಬಗೆ

ತಂಡದಲ್ಲಿ ಮೂವರು: ಕನ್ನಡದ ಸಿಸ್ಟರ್, ಶಾಲೆಯ ಕನ್ನಡ ಟೀಚರ್, ಸಂಘದ ಒಬ್ಬ ಹೆಣ್ಣುಮಗಳು. ದವಾಖಾನೆಯ ಸಿಸ್ಟರನ್ನು ಬೇಕೆಂದೇ ಹೊರಗಿಟ್ಟರು. ಅವರ ಕೈಯಿಂದ ಔಷಧಿ ತಗೊಳ್ಳುವ ಹೆಂಗಸು ಅವರೇ ಬಂದು ‘ನಿಮ್ಮ ಕಥೆ ಬರೆಯಲೇ’ ಎಂದರೆ ಇಲ್ಲ ಅನ್ನುವುದು ಹೇಗೆ? ಒಪ್ಪಿಗೆ ಕೇಳುವ ಕೆಲಸ ಸಂಘದ ಹೆಣ್ಣುಮಗಳದ್ದೇ ಆಯಿತು. “ಒಲ್ಲೆ ಅಂದ್ರೂ ಏನೂ ಆಗೂದಿಲ್ಲವ್ವಾ, ಗುಳಿಗಿ ಕೊಡೂದೇನ್ ನಿಲ್ಲಸೂದಿಲ್ಲ” ಎಂಬ ಮಾತನ್ನು ಆಕೆ ತಾನಾಗಿಯೇ ಸೇರಿಸಿದಳು. ಆಮೇಲೆ ಅದೇ ರೂಢಿಯಾಯಿತು. ಕೇಳಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಒಲ್ಲೆ ಅಂದರು. ಅದು ಒಳ್ಳೆಯ ಲಕ್ಷಣ. ಎಲ್ಲರೂ ಹೂಂ ಅಂದಿದ್ದರೆ ಕೇಳಿದ ರೀತಿಯಲ್ಲೇ ಏನೋ ದೋಷವಿದೆ ಎಂದು ಅನುಮಾನಿಸಬೇಕಾಗಿತ್ತು.

ಒಪ್ಪಿಗೆಯನ್ನು ಒಂದೇ ಹೆಬ್ಬೆಟ್ಟಿಗೆ ಮುಗಿಸಲಿಲ್ಲ. ನಾಲ್ಕು ಉಪಯೋಗಗಳನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಯ ದಾಖಲೆಯಲ್ಲಿ ಇಡಲೇ, ಕನ್ನಡ ಸಂಚಿಕೆಯಲ್ಲಿ ಹಾಕಲೇ, ದಾನಿಗಳ ವರದಿಯಲ್ಲಿ ಹಾಕಲೇ, ಇಂಟರ್‌ನೆಟ್ಟಿಗೆ ಬಿಡಲೇ. ಊರಿನ ಸಂಚಿಕೆಯಲ್ಲಿ ಬಂದರೆ ನಡೆದೀತು, ಇಂಟರ್‌ನೆಟ್ಟಿಗೆ ಬೇಡ ಎಂದವರು ಹೆಚ್ಚು. ತಿರುವುಮುರುವಾಗಿ ಹೇಳಿದವರೂ ಇದ್ದರು, ದೂರದವರು ಓದಲಿ, ಓಣಿಯವರು ಬೇಡ ಎಂದು. ಇಂಗ್ಲಿಷ್ ನಮೂನೆಗೆ ಸಹಿ ಹಾಕಿಸುವ ಬದಲು ಈ ಮಾತುಕತೆಯನ್ನೇ ಧ್ವನಿಮುದ್ರಿಸಿದರು. ಎರಡು ವಾರ ಬಿಟ್ಟು ಮತ್ತೆ ಕೇಳಿದರು. ಮೊದಲ ದಿನ ಕಥೆ ಹೇಳಿ ಹಗುರಾದ ಹುರುಪಿನಲ್ಲಿ ಹೂಂ ಅಂದವರು ಆಮೇಲೆ ಯೋಚಿಸುವುದುಂಟು. 18 ವರ್ಷದೊಳಗಿನವರ ಮುಖ ಯಾವುದರಲ್ಲೂ ಇಲ್ಲ.

ಹೆಸರು ಬದಲಿಸಿದರೆ ಗುರುತು ಮುಚ್ಚುತ್ತದೆಂಬುದು ದೊಡ್ಡ ಭ್ರಮೆ. ಒಂದು ಹಳ್ಳಿಯಲ್ಲಿ ‘ಮೂರು ಹೆಣ್ಣುಮಕ್ಕಳಿರುವ, ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಯಂತ್ರವಿಟ್ಟ ಹೆಂಗಸು’ ಅಂದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಪ್ರತಿ ಕಥೆಯನ್ನೂ ಸಂಘದ ಹೆಣ್ಣುಮಗಳಿಗೆ ಕೊಟ್ಟು ‘ಇದು ಯಾರು ಹೇಳು’ ಎಂದು ಕೇಳಿದರು. ಆಕೆ ಗುರುತಿಸಿದರೆ ಊರು, ಮಕ್ಕಳ ಸಂಖ್ಯೆ, ಕಸುಬು, ಈ ಮೂರರಲ್ಲಿ ಎರಡನ್ನು ಬದಲಿಸಿ ಇಲ್ಲವೇ ತೆಗೆದು, ಹಾಗೆ ಬದಲಿಸಿದ್ದೇವೆಂದು ಅಡಿಯಲ್ಲಿ ಬರೆದರು. ದವಾಖಾನೆಯ ರಿಜಿಸ್ಟರಿನಿಂದ ಒಂದು ಕಥೆಯನ್ನೂ ಆರಿಸಬಾರದೆಂದು ಮೊದಲೇ ಗೆರೆ ಎಳೆದಿದ್ದರು. ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡುವುದರ ಬಗ್ಗೆ 2017ರ ಕಾಯ್ದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವುದು, ಬಹಳ ಬಿಗಿಯಾಗಿದೆ. ಈ ಜಿಲ್ಲೆಯಲ್ಲಿ ಆ ರೋಗದ ಸುತ್ತ ಎಷ್ಟು ಮನೆಗಳು ಒಡೆದಿವೆಯೆಂದು ದವಾಖಾನೆಯವರಿಗೆ ಕಾಯ್ದೆ ಬಂದು ಹೇಳಬೇಕಾಗಿರಲಿಲ್ಲ.

ಧ್ವನಿಮುದ್ರಣಕ್ಕೆ ಸಾಮಾನ್ಯ ಮೊಬೈಲ್, ಜೊತೆಗೆ ಅಂಗಿಗೆ ಸಿಕ್ಕಿಸುವ ತಂತಿಯ ಮೈಕ್. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು, ಇಲ್ಲದಿದ್ದರೆ ಕಥೆಯ ನಟ್ಟನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಫ್ಯಾನ್ ಆರಿಸಬೇಕು, ಏಪ್ರಿಲ್, ಮೇ ತಿಂಗಳಲ್ಲಿ ಈ ಕಡೆ ಫ್ಯಾನಿಲ್ಲದೆ ಕೂರುವುದು ಆಗದ ಮಾತು, ಆದ್ದರಿಂದ ಬೆಳಗ್ಗೆ ಎಂಟರೊಳಗೆ ಮುಗಿಸಿದರು. ತಗಡಿನ ಮನೆಯೊಳಗೆ ದನಿ ಗುಂಯ್‌ಗುಡುತ್ತದೆ. ಹೊರಗೆ ಬೇವಿನ ನೆರಳಿನಲ್ಲಿ ಕೂತರೆ ಗಾಳಿ. ಕೌದಿ ಹಾಸಿದ, ಗೋಡೆಗೆ ಕೌದಿ ತೂಗುಹಾಕಿದ ಪಡಸಾಲೆಯೇ ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ ಆಯಿತು. ಪ್ರತಿ ಧ್ವನಿಮುದ್ರಣದ ಮೊದಲ ಸಾಲು ದಿನಾಂಕ ಮತ್ತು ಸಂಕೇತ ಸಂಖ್ಯೆ, ಹೆಸರು ಅಲ್ಲ. ಕಡತದ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. ಹೆಸರು ಮತ್ತು ಸಂಕೇತದ ಪಟ್ಟಿ ಕಾಗದದ ಮೇಲೆ, ಬೀಗದೊಳಗೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನ ಮನೆಯಲ್ಲಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯಿತು. ಮೊಬೈಲಿನ ಧ್ವನಿಬರಹ ಈ ಭಾಗದ ಕನ್ನಡಕ್ಕೆ ಒಗ್ಗಲಿಲ್ಲ, ‘ಬರೂಕಿಂತ’ ಎಂಬಲ್ಲಿ ಏನೇನೋ ಬಂತು. ಟೀಚರ್ ಕೈಯಲ್ಲೇ ಬರೆದರು.

ಹಿರಿಯ ಸಿಸ್ಟರ್‌ಗಳದ್ದು ಬೇರೆಯೇ ಕಷ್ಟ. ‘ನಿಮ್ಮ ಸಾಧನೆ ಹೇಳಿ’ ಎಂದರೆ ‘ನನ್ನದೇನಿದೆ, ಎಲ್ಲ ದೇವರ ಕೆಲಸ’ ಎಂದು ಬಾಯಿ ಮುಚ್ಚುತ್ತಿದ್ದರು. ದಶಕಗಟ್ಟಲೆ ಹೆರಿಗೆ ಮಾಡಿಸಿದ ನರ್ಸ್ ಸಿಸ್ಟರ್ ಒಬ್ಬರು ಎರಡು ಸಲ ಕೂತು ಎದ್ದುಹೋದರು. ಮೂರನೆಯ ಸಲ ತಂಡ ಪ್ರಶ್ನೆಯನ್ನೇ ಬಿಟ್ಟಿತು. ಅವರ ಹಳೆಯ ಹೆರಿಗೆ ಚೀಲವನ್ನು ಮೇಜಿನ ಮೇಲಿಟ್ಟು, ‘ರಾತ್ರಿ ಕರೆಯಲು ಯಾರು ಬರುತ್ತಿದ್ದರು, ಬೆಳಕಿಗೆ ಏನಿತ್ತು, ಹಳ್ಳ ಬಂದಾಗ ಹೇಗೆ ದಾಟುತ್ತಿದ್ದಿರಿ’ ಎಂದಷ್ಟೇ ಕೇಳಿತು. ಅಂದು ಮಾತು ಮುಗಿಯಲು ಊಟದ ಗಂಟೆ ಹೊಡೆಯಬೇಕಾಯಿತು. ಅವರಿಗೆ ತಮ್ಮ ಬಗ್ಗೆ ಮಾತಾಡಲು ಸಂಕೋಚ, ಲಾಟೀನಿನ ಬಗ್ಗೆ, ಗಾಡಿ ಹೊಡೆದವನ ಬಗ್ಗೆ ಸಂಕೋಚವಿಲ್ಲ. ಅವರ ಕನ್ನಡಕ್ಕೆ ಮಲಯಾಳದ ಎಳೆತವಿತ್ತು. ಬೇರೆಯವರಿಂದ ಓದಿಸೋಣವೆಂಬ ಸಲಹೆ ಬಂದಾಗ ಟೀಚರ್ ಒಪ್ಪಲಿಲ್ಲ. ಊರಿಗೆ ಪರಿಚಯವಿರುವುದು ಆ ದನಿಯೇ.

ಅನುಮತಿ, ಅಕ್ಷರ, ಹಾಳೆ

ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿನ 832ನೇ ಕಲಂ ಪ್ರಕಾರ ಧರ್ಮ, ನೀತಿಗಳ ಬಗ್ಗೆ ಬರಹ ಪ್ರಕಟಿಸಲು ಸಭೆಯ ಸದಸ್ಯರಿಗೆ ಮೇಲಧಿಕಾರಿಯ ಅನುಮತಿ ಬೇಕು. ಈ ಮನೆಯಲ್ಲಿ ಅದನ್ನು ಹಿಗ್ಗಿಸಿ ಶಾಲೆಯ ರಜೆಯ ಪ್ರಕಟಣೆಗೂ ಪ್ರೊವಿನ್ಷಿಯಲ್ (ಪ್ರಾಂತ್ಯದ ಮುಖ್ಯಸ್ಥೆ) ಒಪ್ಪಿಗೆಗೆ ಕಾಯುತ್ತಿದ್ದರು. ಉತ್ತರ ಬರುವ ಹೊತ್ತಿಗೆ ರಜೆಯೇ ಮುಗಿದಿರುತ್ತಿತ್ತು. ಮಾತುಕತೆ ನಡೆಸಿ ಒಂದು ಪುಟದ ಒಪ್ಪಂದ ಮಾಡಿಕೊಂಡರು. ಧರ್ಮಬೋಧೆ, ಹಣದ ಮನವಿ, ಸಾರ್ವಜನಿಕ ವಿಡಿಯೋ ಪ್ರೊವಿನ್ಷಿಯಲ್‌ಗೆ ಹೋಗಬೇಕು. ಜನರ ಕಥೆಗಳನ್ನು ಮನೆಯ ಸುಪೀರಿಯರ್ ನೋಡಿದರೆ ಸಾಕು. ದಿನನಿತ್ಯದ ಪ್ರಕಟಣೆ ತಂಡದ್ದು. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಬಹುದು; ಉತ್ತರ ಬರಲಿಲ್ಲವೆಂದು ಒಪ್ಪಿಗೆಯೆಂದು ತಿಳಿಯುವಂತಿಲ್ಲ.

ಅಚ್ಚಿಗೆ ಹೋದಾಗ ಬೇರೆ ರಗಳೆ. ಟೀಚರ್ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರು, ಪ್ರೆಸ್ಸಿನವರ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವೇ ಬೇಕು. ಪರಿವರ್ತಿಸಿದಾಗ ‘ಧರ್ಮ’, ‘ವರ್ಷ’ಗಳ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತು, ‘ಸಿಸ್ಟರ್‌ಗಳು’ ಎಂಬುದು ‘ಸಿಸ್ಟರ್ಗಳು’ ಆಯಿತು. ಒಂದೊಂದೇ ತಿದ್ದುವುದಕ್ಕಿಂತ ಯೂನಿಕೋಡ್ ಅಕ್ಷರದಲ್ಲೇ ಪುಟ ಜೋಡಿಸಿ, ಅಕ್ಷರಶೈಲಿಯನ್ನು ಒಳಗೇ ಅಡಕ ಮಾಡಿದ ಪಿಡಿಎಫ್ ಕೊಡುವುದು ಸುಲಭವೆಂದು ಗೊತ್ತಾಯಿತು. ಹಳೆಯ ಚಿತ್ರಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದರು. ಅಂಟಿನ ಆಲ್ಬಮ್ಮಿನಿಂದ ಕಿತ್ತರೆ ಹರಿಯುವಂಥವನ್ನು ಅಲ್ಲೇ ಇಟ್ಟು ಕಿಟಕಿ ಬೆಳಕಿನಲ್ಲಿ ಕ್ಯಾಮೆರಾದಿಂದ ತೆಗೆದರು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಅಚ್ಚಿಗೆ ಬಾರದು. ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು.

ಮೊದಲು ತಂದದ್ದು ನಡುವೆ ಪಿನ್ ಹೊಡೆದ ಪುಸ್ತಿಕೆ, 300 ಪ್ರತಿ. ಹಂಚುವ ಮುಂಚಿನ ವಾರ ಒಬ್ಬ ಹೆಣ್ಣುಮಗಳು ಬಂದು ತನ್ನ ಕಥೆ ಬೇಡವೆಂದಳು. ಮಗಳ ಮದುವೆ ಮಾತುಕತೆ ಶುರುವಾಗಿತ್ತು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಇಲ್ಲಿ ಕಾಯ್ದೆಗಿಂತ ಮೊದಲು ಮಾತು ಕೊಟ್ಟಾಗಿತ್ತು. ಪಿನ್ ಹೊಡೆದ ಪುಸ್ತಿಕೆಯಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಕಳಚುತ್ತದೆ, ಇನ್ನೊಬ್ಬರ ಕಥೆ ಅರ್ಧವಾಗುತ್ತದೆ. ಮುನ್ನೂರೂ ಪ್ರತಿಗಳನ್ನು ರದ್ದಿಗೂ ಹಾಕದೆ ಸುಟ್ಟರು.

ಈ ನಷ್ಟವೇ ಹೊಸ ರೂಪಕ್ಕೆ ಕಾರಣವಾಯಿತು. ಒಂದು ಕಥೆಗೆ ಒಂದು ಎ4 ಹಾಳೆ, ಮಧ್ಯಕ್ಕೆ ಮಡಚಿದರೆ ಎ5 ಅಳತೆಯ ನಾಲ್ಕು ಪುಟ. 100 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ. ಸಂಘದಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದೇ ಇಲ್ಲಿನ ಪದ್ಧತಿಯಾದ್ದರಿಂದ. ಒಂದು ಹಾಳೆಗೆ ಸುಮಾರು 450 ಪದ ಹಿಡಿಯುತ್ತದೆ. ಎಲ್ಲವನ್ನೂ ದಪ್ಪ ಕಾಗದದ ಒಂದು ಹೊದಿಕೆಯಲ್ಲಿ ಬಿಡಿಬಿಡಿಯಾಗಿ ಸೇರಿಸುವುದು. ಯಾರಾದರೂ ಬೇಡವೆಂದರೆ ಆ ಹಾಳೆಯನ್ನಷ್ಟೇ ತೆಗೆದರಾಯಿತು. ಇದಕ್ಕೆ ಇನ್ನೊಂದು ಅನುಕೂಲವೂ ಇತ್ತು. ನಿಯತಕಾಲಿಕ ಮಾಡಿದರೆ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯನ್ನು ನೋಡಬೇಕು, ವಿದೇಶಿ ವಂತಿಗೆ ಪಡೆಯುವ ಸಂಸ್ಥೆಯಾದರೆ ಸುದ್ದಿ ಪ್ರಕಟಿಸುವುದೇ ತೊಡಕು. ಕಥೆ ಸಿದ್ಧವಾದಾಗ ಬರುವ ಬಿಡಿ ಹಾಳೆಯಲ್ಲಿ ಸುದ್ದಿಯೂ ಇಲ್ಲ, ಗಡುವೂ ಇಲ್ಲ.

ಓದಲು ಬಾರದವರಿಗಾಗಿ ನಾಲ್ಕು ನಿಮಿಷದೊಳಗಿನ ಧ್ವನಿ ತುಣುಕುಗಳನ್ನೂ ಮಾಡಿದರು, ಒಪ್ಪಿದವರದ್ದು ಮಾತ್ರ. ಮೋನೋದಲ್ಲಿ 64 ಕೆಬಿಪಿಎಸ್ ಇಟ್ಟರೆ ನಾಲ್ಕು ನಿಮಿಷಕ್ಕೆ 2 ಎಂಬಿ ಕೂಡ ಆಗುವುದಿಲ್ಲ, ಸಿಗ್ನಲ್ ಕಡಿಮೆಯಿರುವ ತೋಟದ ಮನೆಗಳಲ್ಲೂ ಇಳಿಯುತ್ತದೆ. ಬೈಬಲ್ ವಚನ ಎಲ್ಲಿರಬೇಕೆಂಬುದೂ ತೀರ್ಮಾನವಾಯಿತು: ಸಿಸ್ಟರ್‌ಗಳು ತಮ್ಮ ವಿಶ್ವಾಸದ ಬಗ್ಗೆ ಮಾತಾಡುವ ಹಾಳೆಯಲ್ಲಿ ಇರಲಿ, ಮರೆಮಾಚುವುದು ಬೇಡ. ಬೇರೆಯವರ ಕಥೆಯ ಹಾಳೆಯಲ್ಲಿ ಬೇಡ. ಕಂಬಳಿ ಹಂಚುವ ಚಿತ್ರಗಳನ್ನು ಪೂರ್ತಿ ಕೈಬಿಟ್ಟರು.

ಆದದ್ದು, ಆಗದೇ ಉಳಿದದ್ದು

ಹಾಳೆಗಳನ್ನು ಫೆಬ್ರುವರಿ 2ರಂದು, ಸಮರ್ಪಿತ ಜೀವನದ ದಿನ, ಚರ್ಚಿನಲ್ಲಿ ಬಿಡುಗಡೆ ಮಾಡಬೇಕೆಂದಿತ್ತು. ತಂಡದ ಸಂಘದ ಹೆಣ್ಣುಮಗಳು, “ಚರ್ಚಿಗೆ ನಮ್ಮವ್ರು ಎಷ್ಟ್ ಮಂದಿ ಬರ್ತಾರ್ರೀ?” ಎಂದ ಮೇಲೆ ಶಾಲೆಯ ಅಂಗಳಕ್ಕೆ ಬದಲಾಯಿತು. ಎಮ್ಮೆಯ ಕಥೆಯ ತಾಯಿ ಬಂದಿದ್ದಳು. ತನ್ನ ಕಥೆಯನ್ನು ದಾಖಲೆಯಲ್ಲಿಡಲು ಮಾತ್ರ ಒಪ್ಪಿದ್ದರಿಂದ ಅದು ಹಾಳೆಗಳಲ್ಲಿರಲಿಲ್ಲ. ಈ ಕೆಲಸಕ್ಕೆಲ್ಲ ದಾರಿ ಹಾಕಿದ ಕಥೆಯೇ ಅಚ್ಚಾಗಲಿಲ್ಲ ಎಂಬುದು ಕೆಲವು ಸಿಸ್ಟರ್‌ಗಳಿಗೆ ಬೇಸರ ತಂದಿತು. ಒತ್ತಾಯಿಸದೆ ಬಿಟ್ಟದ್ದರಿಂದಲೇ ಮುಂದಿನ ತಿಂಗಳುಗಳಲ್ಲಿ ಹೊಸಬರು ತಾವಾಗಿ ಬಂದರೆಂದು ತಂಡದ ಅಂದಾಜು.

ದಾನಿಗಳ ಕಡೆ ಫಲ ಮಿಶ್ರ. ಒಂದು ಸಂಸ್ಥೆ ಮುಖವಿಲ್ಲದ ಚಿತ್ರಗಳಿಗೆ, ಅಂದರೆ ಕೈ, ಕೆಲಸ, ಬೆನ್ನ ಹಿಂದಿನ ನೋಟಕ್ಕೆ, ಒಪ್ಪಿ ತನ್ನ ನಮೂನೆಯಿಂದ ‘ಮೊದಲು, ನಂತರ’ ಕಲಮನ್ನು ತೆಗೆಯಿತು. ಇನ್ನೊಂದು ಸಂಸ್ಥೆ ಚಿತ್ರ ಬೇಕೇ ಬೇಕೆಂದು ಪಟ್ಟು ಹಿಡಿಯಿತು. ಆ ಯೋಜನೆ ಮರುವರ್ಷ ನವೀಕರಣವಾಗಲಿಲ್ಲ. ಕಾರಣ ಅದೊಂದೇ ಎನ್ನಲಾಗದು, ಆದರೆ ಅದೂ ಒಂದು. ಊರಿನ ಗುಮಾನಿ ಪೂರ್ತಿ ಹೋಗಿದೆಯೆಂದು ಯಾರೂ ಹೇಳುವುದಿಲ್ಲ. ಹಣ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಉತ್ತರವಾಗಿ ವರ್ಷದ ಜಮಾ ಖರ್ಚನ್ನು ಕನ್ನಡದಲ್ಲಿ ಒಂದು ಹಾಳೆ ಮಾಡಿ ದವಾಖಾನೆಯ ಗೋಡೆಗೆ ಅಂಟಿಸಿದ್ದು ಎಲ್ಲ ಕಥೆಗಳಿಗಿಂತ ಹೆಚ್ಚು ಓದಿಸಿಕೊಂಡಿತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಒಂದು ಪೈಸೆ ಖರ್ಚಿಲ್ಲ.

ಜೂನ್ ಹತ್ತಿರ ಬಂದಾಗ ವರ್ಗಾವಣೆಯ ಪತ್ರಗಳು ಬಂದವು. ಕನ್ನಡದ ಸಿಸ್ಟರಿಗೆ ಬೇರೆ ಜಿಲ್ಲೆಯ ಮನೆ. ಹಿಂದೆ ಜಾಲತಾಣ ನೋಡುತ್ತಿದ್ದ ಸಿಸ್ಟರ್ ಹೋದಾಗ ಖಾತೆ ಅವರ ಸ್ವಂತ ಮೊಬೈಲ್ ಸಂಖ್ಯೆಯ ಮೇಲಿದ್ದು, ಅದರೊಂದಿಗೇ ಹೋಗಿತ್ತು. ಈ ಸಲ ಎಲ್ಲ ಖಾತೆಗಳು ಮನೆಯ ಕಚೇರಿಯ ಇಮೇಲ್ ಮತ್ತು ಕಚೇರಿಯ ಸಿಮ್ಮಿನ ಮೇಲಿವೆ. ಹಸ್ತಾಂತರಕ್ಕೆ ಎರಡು ಪುಟದ ಪಟ್ಟಿ ಇದೆ: ಪಾಸ್‌ವರ್ಡ್ ಇರುವ ಲಕೋಟೆ, ಸಂಕೇತಗಳ ಪಟ್ಟಿಯ ಬೀಗದ ಕೈ, ಯಾರ ಯಾವ ಒಪ್ಪಿಗೆ ಎಲ್ಲಿಯವರೆಗೆ, ಪ್ರೆಸ್ಸಿಗೆ ಕೊಡಬೇಕಾದ ಬಾಕಿ. ಇನ್ನೂ ಅಕ್ಷರಕ್ಕಿಳಿಸದ ಧ್ವನಿಮುದ್ರಣಗಳೂ ಇವೆ. ಅವುಗಳಲ್ಲಿ ಕೆಲವರು ಕನ್ನಡದ ಸಿಸ್ಟರನ್ನು ನಂಬಿ ಹೇಳಿದ ಮಾತುಗಳಿವೆ. ಹೊಸದಾಗಿ ಬಂದವರು ಅವನ್ನು ಕೇಳಬಹುದೇ ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರವಿರಲಿಲ್ಲ. ಸದ್ಯಕ್ಕೆ ಅವನ್ನು ಮುಚ್ಚಿಟ್ಟಿದ್ದಾರೆ. ಸಂಘದ ಹೆಣ್ಣುಮಗಳು ಒಬ್ಬೊಬ್ಬರ ಮನೆಗೂ ಹೋಗಿ ಮತ್ತೆ ಕೇಳಿ ಬರುತ್ತಿದ್ದಾಳೆ. ಹೂಂ ಅಂದವರದ್ದನ್ನು ಮಾತ್ರ ತೆರೆಯುತ್ತಿದ್ದಾರೆ.